ವೈರಾಣುವಿನ ಬಲ ಕಳೆಯುವ ವಿದ್ಯೆ, ಬಲ ಕೂಡಿಸುವ ವಿದ್ಯೆ

1957ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸಾಯತೊಡಗಿದಾಗ, ಮತ್ತು ಅದೇ ಕಾಡಿಗೆ ಸೊಪ್ಪು ಸೌದೆಗಳಿಗಾಗಿ ಹೋಗಿಬಂದ ಬಡಜನರು ತಡೆಯಲಾರದ ತಲೆನೋವು, ಉರಿಜ್ವರ, ಮೈಕೈ ಸೆಳೆತಗಳಿಂದ ಹಾಸಿಗೆ ಹಿಡಿದು, ಅವರಲ್ಲಿ ಕೆಲವರು ರಕ್ತಸ್ರಾವದಿಂದ ಪ್ರಾಣಬಿಟ್ಟಾಗ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಐದು ವರ್ಷಗಳ ಹಿಂದೆಯಷ್ಟೇ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಾಣು ಸಂಶೋಧನಾ ಕೇಂದ್ರದ ತಜ್ಞರು, ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಶಂಕೆಯಿಂದ ಮಲೆನಾಡಿಗೆ ಧಾವಿಸಿದರು. ಅವರು ಕಂಡುಕೊಂಡದ್ದು ಹಳದಿ ಜ್ವರವನ್ನಲ್ಲ. ರಷ್ಯಾ ದೇಶದ ಕಾಡುಗಳ ಮೆದುಳುಜ್ವರಕ್ಕೆ ದಾಯಾದಿಯಾದ, ಉಣ್ಣೆಹುಳುವಿನ ಕಡಿತದಿಂದ ಹರಡುವ, ಜಗತ್ತು ಅದುವರೆಗೆ ಅರಿಯದಿದ್ದ ಒಂದು ವೈರಾಣುವನ್ನು. ಜನರು ಅದನ್ನು ಮಂಗನ ಕಾಯಿಲೆ ಎಂದರು; ವೈದ್ಯಶಾಸ್ತ್ರವು ಅದಕ್ಕೆ ಕ್ಯಾಸನೂರಿನ ಹೆಸರನ್ನೇ ಇಟ್ಟಿತು.

ಈ ಕಾಯಿಲೆಗೆ ಮಲೆನಾಡಿನಲ್ಲಿ ಅನೇಕ ವರ್ಷಗಳ ಕಾಲ ಕೊಡುತ್ತಿದ್ದ ಲಸಿಕೆಯು ಹಳೆಯ ಕ್ರಮದಲ್ಲಿ ಸಿದ್ಧವಾದದ್ದು: ವೈರಾಣುವನ್ನು ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು, ಆ ನಿರ್ಜೀವ ವಸ್ತುವನ್ನು ಚುಚ್ಚಿ, ಶರೀರಕ್ಕೆ ಶತ್ರುವಿನ ಪರಿಚಯ ಮಾಡಿಕೊಡುವ ಕ್ರಮ. ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿದ್ದ, ನೋವುಂಟುಮಾಡುತ್ತಿದ್ದ ಆ ಲಸಿಕೆಯ ರಕ್ಷಣೆಯು ವರ್ಷ ಕಳೆದಂತೆ ಕ್ಷೀಣಿಸುತ್ತ ಬಂದು, ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ 2018–19ರಲ್ಲಿ ಸಾವುಗಳ ಸರಣಿಯೇ ಕಂಡುಬಂದ ಮೇಲೆ, 2022ರಲ್ಲಿ ಅದರ ಬಳಕೆಯೇ ನಿಂತುಹೋಯಿತು. ಅಂದಿನಿಂದ ಪ್ರತಿವರ್ಷ ಮಾಗಿಯ ಚಳಿ ಮುಗಿಯುವ ಹೊತ್ತಿಗೆ, ಕಾಡಂಚಿನ ಮನೆಗಳವರಿಗೆ ಉಳಿದಿರುವ ಆಸರೆಯೆಂದರೆ ಉಣ್ಣೆಹುಳುವನ್ನು ದೂರವಿಡಲು ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ, ಸತ್ತ ಮಂಗ ಕಂಡ ಕಡೆ ಕಾಲಿಡಬಾರದೆಂಬ ಆರೋಗ್ಯ ಇಲಾಖೆಯ ಎಚ್ಚರಿಕೆ, ಮತ್ತು ದೈವದ ಕೃಪೆ.

ಹೀಗಿರುವಾಗ, ಸೊರಬದಿಂದ ಸಾವಿರಾರು ಮೈಲಿ ಆಚೆ, ಅಮೆರಿಕದ ಮೊಂಟಾನಾ ರಾಜ್ಯದ ಹ್ಯಾಮಿಲ್ಟನ್ ಎಂಬ ಸಣ್ಣ ಊರಿನಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಹೈಂಟ್ಸ್ ಫೆಲ್ಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು ನಮ್ಮ ಮಂಗನ ಕಾಯಿಲೆಗೆ ಹೊಸತೊಂದು ಲಸಿಕೆಯನ್ನು ರೂಪಿಸಿ, ಅದರ ಒಂದೇ ಚುಚ್ಚುಮದ್ದು ಕೋತಿಗಳನ್ನು ರೋಗದಿಂದ ಕಾಪಾಡಿತೆಂದು 2023ರಲ್ಲಿ ಪ್ರಕಟಿಸಿದರು. ಅವರು ಅನುಸರಿಸಿದ ಕ್ರಮ ನಮ್ಮ ತೋಟಿಗರಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಕಾಡುಮಾವಿನ ಬೊಡ್ಡೆಗೆ ಒಳ್ಳೆಯ ಜಾತಿಯ ಕುಡಿಯನ್ನು ಕಸಿ ಕಟ್ಟುವಂತೆ, ದನಕುದುರೆಗಳ ಬಾಯಿಯಲ್ಲಿ ಹುಣ್ಣೆಬ್ಬಿಸುವ, ಮನುಷ್ಯನಿಗೆ ಅಷ್ಟಾಗಿ ಕೇಡು ಮಾಡದ ಒಂದು ವೈರಾಣುವನ್ನು ಇನ್ನಷ್ಟು ದುರ್ಬಲಗೊಳಿಸಿ, ಅದಕ್ಕೆ ಕ್ಯಾಸನೂರು ವೈರಾಣುವಿನ ಹೊರಕವಚದ ವಂಶವಾಹಿಗಳನ್ನು ಮಾತ್ರ ಅವರು ಸೇರಿಸಿದರು. ಶರೀರವು ಆ ಕವಚವನ್ನು ಕಂಡು ಶತ್ರುವಿನ ಗುರುತು ಹಿಡಿಯುತ್ತದೆ. ಆದರೆ ಒಳಗಿರುವುದು ಶತ್ರುವಲ್ಲ. ಈ ಲಸಿಕೆ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಮುಟ್ಟುವುದಕ್ಕೆ ಮುನ್ನ ದಾಟಬೇಕಾದ ಪರೀಕ್ಷೆಗಳು ಬಹಳ ಉಂಟು. ಆದರೂ ವೈರಾಣುವಿನ ವಂಶವಾಹಿಯನ್ನು ತಿದ್ದುವ ವಿದ್ಯೆಯು ನಮ್ಮ ನಾಡಿನ ನೆಲಕ್ಕೆ ಸಂಬಂಧವಿಲ್ಲದ, ದೂರದ ವಿದ್ವಾಂಸರ ಚರ್ಚೆಯೆಂದು ಭಾವಿಸುವಂತಿಲ್ಲವೆಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಇದೇ ವಿದ್ಯೆಯನ್ನು ಕುರಿತು ಜಗತ್ತಿನಲ್ಲಿ ಗಾಢವಾದ ಭಯವೂ ಇದೆ. ಆ ಭಯಕ್ಕೆ ಕಾರಣಗಳೂ ಇವೆ. ಕೊರೋನಾ ಮಾರಿಯ ಅನಂತರ ಈ ಚರ್ಚೆಯು ಎರಡು ಪಾಳೆಯಗಳಾಗಿ ಒಡೆದು, ಒಂದು ಕಡೆಯವರು ಎಲ್ಲ ಪ್ರಯೋಗವನ್ನೂ ಪಾಪವೆಂದೂ, ಇನ್ನೊಂದು ಕಡೆಯವರು ಎಲ್ಲ ಪ್ರಶ್ನೆಯನ್ನೂ ಅಜ್ಞಾನವೆಂದೂ ಕರೆಯುವ ಹಂತಕ್ಕೆ ಬಂದಿದೆ. ಈ ಎರಡು ನಿಲುವುಗಳೂ ಸಾಧುವಲ್ಲ. ಈ ವಿದ್ಯೆಯ ಬಹುಪಾಲು ಕೆಲಸವು ವೈರಾಣುವಿನ ಬಲವನ್ನು ಕಳೆಯುವ ಕೆಲಸ. ಅತ್ಯಲ್ಪ ಭಾಗವು ಮಾತ್ರ ಅದರ ಬಲವನ್ನು ಕೂಡಿಸುವ ಕೆಲಸ. ಮೊದಲನೆಯದನ್ನು ನಾವು ಕೈಹಿಡಿದು ನಡೆಸಬೇಕು. ಎರಡನೆಯದನ್ನು, ಅದರಿಂದ ಅಪಾಯಕ್ಕೆ ಗುರಿಯಾಗುವ ಜನರ ಪರವಾಗಿ ನಿಂತು, ಪ್ರಯೋಗಕ್ಕೆ ಮುನ್ನವೇ ಪ್ರಶ್ನಿಸಬೇಕು. ಈ ಲೇಖನದ ಪ್ರತಿಪಾದನೆಯೆಲ್ಲ ಇಷ್ಟೇ.

ಪ್ರಶ್ನೆ ಹುಟ್ಟಿದ್ದು ಪ್ರಯೋಗಾಲಯದೊಳಗೇ

ವಿಜ್ಞಾನಿಗಳು ತಮ್ಮ ಕುತೂಹಲದ ಬೆನ್ನುಹತ್ತಿ ಲೋಕಹಿತವನ್ನು ಮರೆಯುತ್ತಾರೆಂಬ ಆಪಾದನೆಯು ಸಾಮಾನ್ಯವಾಗಿ ಕೇಳಿಬರುತ್ತದಷ್ಟೆ. ಆದರೆ ಈ ಶಾಸ್ತ್ರದ ಆರಂಭಪರ್ವವನ್ನು ನೋಡಿದರೆ ಕಥೆ ಬೇರೆಯೇ ಇದೆ. 1971ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪಾಲ್ ಬರ್ಗ್ ಅವರು, ಕೋತಿಗಳಲ್ಲಿ ಕಂಡುಬರುವ ಎಸ್‌ವಿ40 ಎಂಬ ವೈರಾಣುವಿನ ವಂಶವಾಹಿಗಳನ್ನು ಮನುಷ್ಯರ ಕರುಳಿನಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಕ್ಕೆ ಸೇರಿಸುವ ಪ್ರಯೋಗವನ್ನು ಯೋಜಿಸಿದ್ದರು. ಆ ವೈರಾಣುವು ಇಲಿಜಾತಿಯ ಪ್ರಾಣಿಗಳಲ್ಲಿ ಅರ್ಬುದವನ್ನುಂಟುಮಾಡುವುದೆಂದು ತಿಳಿದಿತ್ತು. ಅರ್ಬುದಕಾರಕವಾದ ವಂಶವಾಹಿಯನ್ನು ಹೊತ್ತ ಬ್ಯಾಕ್ಟೀರಿಯವು ಆಕಸ್ಮಿಕವಾಗಿ ಮನುಷ್ಯರ ಕರುಳನ್ನು ಸೇರಿದರೆ ಗತಿಯೇನು ಎಂದು ರಾಬರ್ಟ್ ಪೊಲಾಕ್ ಎಂಬ ಸಹವಿಜ್ಞಾನಿಯು ಕೇಳಿದರು. ಬರ್ಗ್ ಅವರು ಆ ಪ್ರಶ್ನೆಯನ್ನು ಅವಮಾನವೆಂದೆಣಿಸದೆ, ಯೋಚಿಸಿ, ಇತರರೊಡನೆ ಸಮಾಲೋಚಿಸಿ, ಆ ಪ್ರಯೋಗವನ್ನು ಕೈಬಿಟ್ಟರು.

1974ರಲ್ಲಿ ಅವರೂ ಅವರ ಸಂಗಡಿಗರೂ ಬಹಿರಂಗ ಪತ್ರವೊಂದನ್ನು ಪ್ರಕಟಿಸಿ, ಇಂತಹ ಕೆಲವು ಪ್ರಯೋಗಗಳನ್ನು ಎಲ್ಲರೂ ಸ್ವಯಂಪ್ರೇರಣೆಯಿಂದ ನಿಲ್ಲಿಸಬೇಕೆಂದು ವಿನಂತಿಸಿಕೊಂಡರು. ಮರುವರ್ಷ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಕಡಲಂಚಿನ ಅಸಿಲೋಮರ್ ಎಂಬಲ್ಲಿ ಸುಮಾರು ನೂರನಲವತ್ತು ಮಂದಿ ವಿಜ್ಞಾನಿಗಳೂ ನ್ಯಾಯವೇತ್ತರೂ ಪತ್ರಕರ್ತರೂ ಸಭೆ ಸೇರಿ, ಅಪಾಯದ ಪ್ರಮಾಣಕ್ಕೆ ತಕ್ಕಂತೆ ರಕ್ಷಣೆಯ ಪ್ರಮಾಣವೂ ಏರಬೇಕೆಂಬ ಸೂತ್ರವನ್ನು ರೂಪಿಸಿದರು. ಇಂದು ಪ್ರಯೋಗಾಲಯಗಳನ್ನು ಒಂದನೆಯ ಮಟ್ಟದಿಂದ ನಾಲ್ಕನೆಯ ಮಟ್ಟದವರೆಗೆ ವಿಂಗಡಿಸುವ ಪದ್ಧತಿಯ ಹಿಂದೆ ಇರುವುದು ಇದೇ ಸೂತ್ರ. ಅಸಿಲೋಮರ್ ಸಭೆಯನ್ನು ಕುರಿತು ಟೀಕೆಗಳೂ ಇಲ್ಲದಿಲ್ಲ; ಯುದ್ಧಾಸ್ತ್ರಗಳ ಪ್ರಶ್ನೆಯನ್ನೂ ಸಾಮಾಜಿಕ ನ್ಯಾಯದ ಪ್ರಶ್ನೆಯನ್ನೂ ಅಲ್ಲಿ ಬದಿಗಿರಿಸಲಾಯಿತೆಂಬುದು ಸತ್ಯ. ಆದರೆ ಬಲ್ಲವರೇ ಮೊದಲು ನಿಂತು ಯೋಚಿಸಿದರೆಂಬ ಆ ಪರಂಪರೆಯು ಈ ಶಾಸ್ತ್ರಕ್ಕೆ ದೊರೆತ ದೊಡ್ಡ ಆಸ್ತಿ. ಇಂದು ಜೈವಿಕ ಭದ್ರತೆಯ ಮಾತೆತ್ತುವವರನ್ನು ವಿಜ್ಞಾನದ ವೈರಿಗಳೆಂದು ಕರೆಯುವವರು ಇದನ್ನು ಮರೆಯಬಾರದು.

ಕಳೆದ ಬಲದಿಂದ ಬಂದ ಲಾಭ

ಈ ವಿದ್ಯೆಯಿಂದ ಮನುಷ್ಯಕುಲಕ್ಕೆ ಒದಗಿದ ಉಪಕಾರಗಳಲ್ಲಿ ಮೊದಲು ಹೇಳಬೇಕಾದದ್ದು ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ರೋಗದ ಲಸಿಕೆಯನ್ನು. ಮೊದಲಿಗೆ ಆ ಲಸಿಕೆಯನ್ನು ರೋಗಾಣು ಹೊತ್ತ ಮನುಷ್ಯರ ರಕ್ತದಿಂದಲೇ ಶೋಧಿಸಿ ತೆಗೆಯಬೇಕಾಗಿತ್ತು. ವೈರಾಣುವಿನ ಒಂದೇ ಒಂದು ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿ, ಹಿಟ್ಟು ಹುದುಗಿಸುವ ಆ ಸಾಧುಜೀವಿಯಿಂದಲೇ ಲಸಿಕೆಯ ಪ್ರೋಟೀನನ್ನು ತಯಾರಿಸಬಹುದೆಂದು ಸಿದ್ಧವಾಗಿ, 1986ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ, ರಕ್ತದ ಹಂಗೂ ತಪ್ಪಿತು, ಸೋಂಕಿನ ಭಯವೂ ತಪ್ಪಿತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ವರಪ್ರಸಾದ ರೆಡ್ಡಿಯವರ ನೇತೃತ್ವದಲ್ಲಿ 1997ರಲ್ಲಿ ಸ್ವದೇಶಿ ಲಸಿಕೆಯನ್ನು ಮಾರುಕಟ್ಟೆಗೆ ತಂದಮೇಲೆ, ಅದುವರೆಗೆ ಸಿರಿವಂತರಿಗೆ ಮಾತ್ರ ಎಟುಕುತ್ತಿದ್ದ ಆ ರಕ್ಷಣೆಯು ಸಾಮಾನ್ಯರ ಕೈಗೂ ಬಂದಿತು. ಇಂದು ನಮ್ಮ ಅಂಗನವಾಡಿಗಳಲ್ಲಿ ಕೂಸುಗಳಿಗೆ ಹಾಕಿಸುವ ಐದು ರೋಗಗಳ ಸಂಯುಕ್ತ ಲಸಿಕೆಯಲ್ಲಿ ಅದೂ ಒಂದು ಅಂಗವಾಗಿದೆ.

ಎಬೋಲಾ ರೋಗದ ಕಥೆಯೂ ಹೀಗೆಯೇ. 2014ರಿಂದ 2016ರ ವರೆಗೆ ಪಶ್ಚಿಮ ಆಫ್ರಿಕದ ಗಿನಿ, ಸಿಯೆರಾ ಲಿಯೋನ್, ಲೈಬೀರಿಯ ದೇಶಗಳಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿ ಜನರು ಆ ರೋಗಕ್ಕೆ ಆಹುತಿಯಾದರು. ಆ ಹೊತ್ತಿಗೆ ಕೆನಡಾದ ವಿನ್ನಿಪೆಗ್ ನಗರದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಮೇಲೆ ಹೇಳಿದ ದನಕುದುರೆಗಳ ವೈರಾಣುವಿಗೆ ಎಬೋಲಾದ ಹೊರಪ್ರೋಟೀನನ್ನು ತೊಡಿಸಿ ಮಾಡಿದ ಲಸಿಕೆಯು ಅನೇಕ ವರ್ಷಗಳ ಹಿಂದೆಯೇ ಸಿದ್ಧವಾಗಿ, ಕೇಳುವವರಿಲ್ಲದೆ ಕುಳಿತಿತ್ತು. 2015ರಲ್ಲಿ ಗಿನಿಯಲ್ಲಿ ರೋಗಿಯ ಮನೆಯವರು, ನೆರೆಹೊರೆಯವರು, ಅವರ ಸಂಪರ್ಕದವರು ಎಂದು ಬಳಸಿ ಬಳಸಿ ಉಂಗುರದಂತೆ ಲಸಿಕೆ ಹಾಕಿ ನೋಡಿದಾಗ ಅದರ ಸಾಮರ್ಥ್ಯವು ಪ್ರಕಟವಾಯಿತು. ಆ ಲಸಿಕೆಯನ್ನು ರೂಪಿಸಿದವರಲ್ಲಿ ಒಬ್ಬರಾಗಿದ್ದ ಫೆಲ್ಡ್‌ಮನ್ ಅವರೇ ಮುಂದೆ ಮೊಂಟಾನಾದಲ್ಲಿ ಮಂಗನ ಕಾಯಿಲೆಯ ಕೆಲಸ ಕೈಗೊಂಡರೆಂಬುದನ್ನು ನೆನೆದರೆ, ಆಫ್ರಿಕದ ಕಾಡಿನ ವ್ಯಾಧಿಗಾಗಿ ಕಲಿತ ಪಾಠವು ಸಹ್ಯಾದ್ರಿಯ ಕಾಡಿನ ವ್ಯಾಧಿಗೂ ಹೇಗೆ ಒದಗುತ್ತದೆಂಬುದು ಮನದಟ್ಟಾಗುತ್ತದೆ.

ಆದರೆ ಬಲ ಕಳೆಯುವ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ದೃಷ್ಟಾಂತವು ಪೋಲಿಯೋ ಹನಿಯಲ್ಲಿದೆ. ಆಲ್ಬರ್ಟ್ ಸೇಬಿನ್ ಅವರ ಬಾಯಿಹನಿ ಲಸಿಕೆಯು ಜೀವಂತವಾದ, ಆದರೆ ಸಾಧುವಾಗಿಸಿದ ವೈರಾಣು. ಅದರಿಂದಲೇ ಭಾರತವು 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ಕಡೆಯ ಪ್ರಕರಣದ ಅನಂತರ, 2014ರ ಮಾರ್ಚ್ 27ರಂದು ಪೋಲಿಯೋಮುಕ್ತವೆಂಬ ಮನ್ನಣೆಯನ್ನು ಪಡೆಯಿತು. ಆದರೆ ಆ ಸಾಧುತ್ವವು ವೈರಾಣುವಿನ ವಂಶಲಿಪಿಯ ಕೆಲವೇ ಅಕ್ಷರಗಳನ್ನು ಅವಲಂಬಿಸಿದೆ. ಲಸಿಕೆ ಹಾಕಿಸಿಕೊಳ್ಳದ ಮಕ್ಕಳು ಹೆಚ್ಚಾಗಿರುವ, ನೈರ್ಮಲ್ಯ ಕಡಿಮೆಯಾಗಿರುವ ಪ್ರದೇಶಗಳಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತ ಹೋದಂತೆ ಆ ಅಕ್ಷರಗಳು ಹಳೆಯ ರೂಪಕ್ಕೆ ಮರಳಿ, ಕಾಪಾಡಬೇಕಾದದ್ದೇ ಅಪರೂಪಕ್ಕೊಮ್ಮೆ ಅಂಗವೈಕಲ್ಯಕ್ಕೆ ಕಾರಣವಾಗುವುದುಂಟು. ಎರಡನೆಯ ಮಾದರಿಯ ನೈಸರ್ಗಿಕ ಪೋಲಿಯೋ ವೈರಾಣುವು 1999ರಲ್ಲಿ ಉತ್ತರ ಪ್ರದೇಶದ ಅಲಿಗಢದಲ್ಲಿ ಕಡೆಯ ಬಾರಿ ಕಾಣಿಸಿಕೊಂಡು ಭೂಮಿಯಿಂದ ಮರೆಯಾದ ಮೇಲೆಯೂ, ಅದೇ ಮಾದರಿಯ ಲಸಿಕೆಯಿಂದ ಹುಟ್ಟಿದ ವೈರಾಣುಗಳು ಆಫ್ರಿಕದ ಅನೇಕ ದೇಶಗಳಲ್ಲಿ ಮಕ್ಕಳನ್ನು ಕುಂಟಾಗಿಸುತ್ತಲೇ ಇದ್ದವು.

ವಿಜ್ಞಾನಿಗಳು ಆಗ ಆ ಲಸಿಕೆಯ ವೈರಾಣುವನ್ನೇ ವಂಶವಾಹಿಯ ಮಟ್ಟದಲ್ಲಿ ತಿದ್ದಿ, ಅದು ಹಳೆಯ ಸ್ವಭಾವಕ್ಕೆ ಮರಳುವ ದಾರಿಗಳನ್ನು ಒಂದೊಂದಾಗಿ ಮುಚ್ಚಿದರು. ಈ ಹೊಸ ವೈರಾಣುವನ್ನು ಮೊದಲ ಬಾರಿ ಮನುಷ್ಯರಿಗೆ ಕೊಡುವಾಗ ವಹಿಸಿದ ಎಚ್ಚರವು ಉಲ್ಲೇಖಾರ್ಹವಾದದ್ದು. 2017ರಲ್ಲಿ ಬೆಲ್ಜಿಯಂ ದೇಶದ ಆ್ಯಂಟ್‌ವರ್ಪ್ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸರಕು ಸಾಗಿಸುವ ಕಂಟೇನರುಗಳಂತಹ ಕೋಣೆಗಳನ್ನು ಜೋಡಿಸಿ ಪುಟ್ಟದೊಂದು ಕೇರಿಯನ್ನೇ ನಿರ್ಮಿಸಿ, ಅದಕ್ಕೆ ಪೋಲಿಯೋಪೊಲಿಸ್ ಎಂದು ಹೆಸರಿಟ್ಟು, ಹದಿನೈದು ಹದಿನೈದು ಮಂದಿಯ ಎರಡು ತಂಡಗಳಾಗಿ ಸ್ವಯಂಸೇವಕರನ್ನು ಇಪ್ಪತ್ತೆಂಟು ದಿನಗಳ ಕಾಲ ಅದರೊಳಗೇ ಇರಿಸಿ, ಅವರ ಮಲದಲ್ಲಿ ಹೊರಬೀಳುವ ವೈರಾಣುವು ಊರಿನ ಚರಂಡಿಯನ್ನು ಸೇರದಂತೆ ಕಾಪಾಡಿ, ಅದನ್ನು ಸಂಗ್ರಹಿಸಿ ಪರೀಕ್ಷಿಸಿದರು. ಇಷ್ಟೆಲ್ಲ ಆದ ಮೇಲೆಯೇ, 2020ರ ನವೆಂಬರಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಅದರ ತುರ್ತುಬಳಕೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದೀಚೆಗೆ ನೂರು ಕೋಟಿಗೂ ಹೆಚ್ಚು ಹನಿಗಳು ಮಕ್ಕಳ ಬಾಯಿಗೆ ಬಿದ್ದಿವೆ. ವಿದ್ಯೆಯೂ ವಿವೇಕವೂ ಜೊತೆಯಾಗಿ ನಡೆದರೆ ಏನು ಸಾಧ್ಯವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪ್ರಮಾಣವನ್ನು ನಾನು ಕಾಣೆ.

ಹಿಮದಡಿಯಿಂದ ಎದ್ದ ವೈರಾಣು

ಕಳೆಯುವುದಕ್ಕೂ ಕೂಡಿಸುವುದಕ್ಕೂ ನಡುವೆ, ಅಳಿದದ್ದನ್ನು ಮರಳಿ ಕಟ್ಟುವ ಕೆಲಸವೊಂದುಂಟು. ಅದರ ಗುಣದೋಷಗಳನ್ನು ತೂಗುವುದು ಸುಲಭವಲ್ಲ. 1918ರ ಇನ್‌ಫ್ಲುಯೆಂಜಾ ಮಹಾಮಾರಿಯು ಮುಂಬಯಿ ಬಂದರಿನ ಮೂಲಕ ಭಾರತವನ್ನು ಹೊಕ್ಕು ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಜಗತ್ತಿನ ಮತ್ತಾವ ದೇಶದಲ್ಲಿಯೂ ಅಷ್ಟು ಜನ ಸಾಯಲಿಲ್ಲ. ಆ ವೈರಾಣುವು ಹೇಗಿತ್ತು, ತರುಣರನ್ನೇ ಏಕೆ ಆರಿಸಿ ಕೊಂದಿತು ಎಂಬುದು ಎಂಟು ದಶಕಗಳ ಕಾಲ ಒಗಟಾಗಿಯೇ ಉಳಿದಿತ್ತು.

ಯೋಹಾನ್ ಹುಲ್ಟಿನ್ ಎಂಬ ತರುಣನು 1951ರಲ್ಲಿ ಅಲಾಸ್ಕದ ಬ್ರೆವಿಗ್ ಮಿಷನ್ ಎಂಬ ಹಳ್ಳಿಗೆ ಹೋಗಿ, ಸದಾ ಹೆಪ್ಪುಗಟ್ಟಿರುವ ನೆಲದಲ್ಲಿ 1918ರಲ್ಲಿ ಹೂತ ಶವಗಳಿಂದ ಆ ವೈರಾಣುವನ್ನು ಬೆಳೆಸಲು ಯತ್ನಿಸಿ ವಿಫಲನಾಗಿದ್ದನು. ನಲವತ್ತಾರು ವರ್ಷಗಳ ಅನಂತರ, ಎಪ್ಪತ್ತು ದಾಟಿದ ವೃದ್ಧರಾಗಿ ಅವರು ಅದೇ ಹಳ್ಳಿಗೆ ಮರಳಿ, ಊರವರ ಅನುಮತಿ ಪಡೆದು, ಅದೇ ಸಮಾಧಿಯನ್ನು ತೆರೆದು, ಒಬ್ಬ ಸ್ತ್ರೀಯ ಶ್ವಾಸಕೋಶದ ತುಣುಕನ್ನು ಜೆಫ್ರಿ ಟೌಬೆನ್‌ಬರ್ಗರ್ ಎಂಬ ವಿಜ್ಞಾನಿಗೆ ಕಳುಹಿಸಿದರು. ಅದರಿಂದಲೂ ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯಲ್ಲಿ ಸಂರಕ್ಷಿಸಿಟ್ಟಿದ್ದ ಇತರ ಅಂಗಾಂಶಗಳಿಂದಲೂ ಟೌಬೆನ್‌ಬರ್ಗರ್ ಅವರ ತಂಡವು ವೈರಾಣುವಿನ ವಂಶಲಿಪಿಯನ್ನು ಪೂರ್ಣವಾಗಿ ಓದಿದ ಮೇಲೆ, 2005ರಲ್ಲಿ ಅಟ್ಲಾಂಟಾದ ರೋಗನಿಯಂತ್ರಣ ಕೇಂದ್ರದಲ್ಲಿ ಟೆರೆನ್ಸ್ ಟಂಪಿಯವರು ಅದನ್ನು ಜೀವಂತವಾಗಿ ಮರಳಿ ನಿರ್ಮಿಸಿದರು. ಆ ಕೆಲಸವನ್ನು ಅವರೊಬ್ಬರೇ, ಸಹೋದ್ಯೋಗಿಗಳು ಮನೆಗೆ ಹೋದಮೇಲೆ, ಪ್ರತಿದಿನವೂ ವೈರಾಣು ನಿರೋಧಕ ಮಾತ್ರೆಯನ್ನು ಸೇವಿಸುತ್ತ, ಬೆರಳಚ್ಚಿನ ಗುರುತಿಗೆ ತೆರೆಯುವ ಬಾಗಿಲು, ಕಣ್ಣಿನ ಗುರುತಿಗೆ ತೆರೆಯುವ ಶೀತಪೆಟ್ಟಿಗೆಗಳ ನಡುವೆ ಮಾಡಿದರು. ಸೋಂಕು ತಗುಲಿದರೆ ಏಕಾಂತವಾಸಕ್ಕೆ ಒಳಗಾಗಬೇಕೆಂಬುದಕ್ಕೆ ಮೊದಲೇ ಒಪ್ಪಿಕೊಂಡಿದ್ದರು.

ಅದರಿಂದ ದೊರೆತ ತಿಳಿವಳಿಕೆಯು ಸಣ್ಣದಲ್ಲ. ಹಳೆಯ ಮಾರಿಯೂ ಇಂದಿನ ವೈರಾಣು ನಿರೋಧಕ ಔಷಧಗಳಿಗೆ ಮಣಿಯುತ್ತದೆಂಬುದು ಗೊತ್ತಾಯಿತು. 2009ರಲ್ಲಿ ಹಂದಿಜ್ವರ ಹರಡಿದಾಗ ಮುದುಕರಿಗಿಂತ ಎಳೆಯರೇ ಹೆಚ್ಚಾಗಿ ನರಳಿದುದರ ಕಾರಣವನ್ನು ಗ್ರಹಿಸುವುದಕ್ಕೂ ಅದು ನೆರವಾಯಿತು. ಆದರೆ ಅಳಿದುಹೋಗಿದ್ದ ಒಂದು ಮೃತ್ಯುವು ಮತ್ತೆ ಭೂಮಿಯ ಮೇಲಿದೆ ಎಂಬುದೂ, ಅದನ್ನು ಮರಳಿ ಕಟ್ಟಲು ಬೇಕಾದ ಲಿಪಿಯು ಲೋಕಕ್ಕೆ ಬಹಿರಂಗವಾಗಿದೆ ಎಂಬುದೂ ಅಷ್ಟೇ ನಿಜ. ಒಮ್ಮೆ ತಿಳಿದದ್ದನ್ನು ತಿಳಿಯದಂತೆ ಮಾಡುವ ಉಪಾಯವು ಯಾವ ಸರ್ಕಾರದ ಬಳಿಯೂ ಇಲ್ಲ.

ಕೂಡಿಸಿದ ಬಲ

2011ರಲ್ಲಿ ನೆದರ್ಲೆಂಡಿನ ರಾಟರ್‌ಡ್ಯಾಮಿನಲ್ಲಿ ರಾನ್ ಫೌಶಿಯೇ ಅವರೂ ಅಮೆರಿಕದ ವಿಸ್ಕಾನ್‌ಸಿನ್‌ನಲ್ಲಿ ಯೊಶಿಹಿರೊ ಕವಾವೊಕ ಅವರೂ ಪ್ರತ್ಯೇಕವಾಗಿ ನಡೆಸಿದ ಪ್ರಯೋಗಗಳಿಂದ ನಿಜವಾದ ಬಿರುಗಾಳಿ ಎದ್ದಿತು. ಎಚ್5ಎನ್1 ಎಂಬ ಹಕ್ಕಿಜ್ವರದ ವೈರಾಣುವು ಮನುಷ್ಯರಿಗೆ ತಗುಲುವುದು ಅಪರೂಪ. ತಗುಲಿ ದಾಖಲಾದವರಲ್ಲಿ ಮಾತ್ರ ಸುಮಾರು ಅರ್ಧದಷ್ಟು ಜನ ಸತ್ತಿದ್ದಾರೆ. ಮನುಷ್ಯರಿಂದ ಮನುಷ್ಯರಿಗೆ ಅದು ಸುಲಭವಾಗಿ ಹರಡದಿರುವುದೇ ನಮ್ಮ ಪುಣ್ಯ. ಈ ಇಬ್ಬರೂ, ಇನ್‌ಫ್ಲುಯೆಂಜಾ ವಿಷಯದಲ್ಲಿ ಮನುಷ್ಯರನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗಳಲ್ಲಿ, ಆ ವೈರಾಣುವು ಗಾಳಿಯ ಮೂಲಕ ಹರಡುವಂತೆ ಮಾಡಿ ತೋರಿಸಿದರು. ನಿಸರ್ಗವು ಮುಂದೆ ಯಾವ ದಾರಿ ಹಿಡಿಯಬಹುದೆಂದು ಮೊದಲೇ ತಿಳಿದರೆ, ಕೋಳಿಫಾರಮ್ಮುಗಳಲ್ಲಿಯೂ ಸಂತೆಗಳಲ್ಲಿಯೂ ಕಣ್ಣಿಟ್ಟು ಕಾಯಬಹುದು, ಲಸಿಕೆಗಳನ್ನು ಸಿದ್ಧಪಡಿಸಿಕೊಳ್ಳಬಹುದು ಎಂಬುದು ಅವರ ವಾದ. ಹಾಗೆ ಗಾಳಿಯಿಂದ ಸೋಂಕು ತಗುಲಿದ ಪ್ರಾಣಿಗಳು ಸಾಯಲಿಲ್ಲವೆಂಬುದನ್ನೂ ಫೌಶಿಯೇ ಅವರು ಸ್ಪಷ್ಟಪಡಿಸಿದರು.

ಆದರೂ ಪ್ರಶ್ನೆ ಉಳಿಯಿತು. ಅಮೆರಿಕದ ಜೈವಿಕ ಭದ್ರತೆಯ ಸಲಹಾ ಮಂಡಲಿಯು ಮೊದಲು ವಿವರಗಳನ್ನು ಪ್ರಕಟಿಸಬಾರದೆಂದಿತು. ಆಮೇಲೆ ಪರಿಷ್ಕೃತ ಪ್ರಬಂಧಗಳಿಗೆ ಸಮ್ಮತಿಸಿತು. ಎರಡೂ 2012ರಲ್ಲಿ ಬೆಳಕು ಕಂಡವು. ಈ ಕ್ಷೇತ್ರದ ವಿಜ್ಞಾನಿಗಳೇ ಸುಮಾರು ಒಂದು ವರ್ಷ ಇಂತಹ ಕೆಲಸವನ್ನು ಸ್ವಯಂ ನಿಲ್ಲಿಸಿದರು. 2014ರಲ್ಲಿ ಹಾರ್ವರ್ಡಿನ ಮಾರ್ಕ್ ಲಿಪ್‌ಸಿಚ್ ಮೊದಲಾದವರು, ಅಪಘಾತದ ಸಂಭವ ಎಷ್ಟೇ ಅಲ್ಪವಾಗಿದ್ದರೂ ಅದರ ಫಲವು ಅಪಾರವಾಗಿರುವಾಗ ಆ ಎರಡನ್ನೂ ಗುಣಿಸಿ ನೋಡಬೇಕೆಂದು ವಾದಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರವು ಇಂತಹ ಕೆಲವು ಪ್ರಯೋಗಗಳಿಗೆ ಧನಸಹಾಯವನ್ನು ತಡೆಹಿಡಿದು, 2017ರ ಡಿಸೆಂಬರಿನಲ್ಲಿ ಹೊಸ ಪರಿಶೀಲನಾ ಕ್ರಮದೊಡನೆ ಸಡಿಲಿಸಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರಾಧ್ಯಕ್ಷರ ಆಜ್ಞೆಯಿಂದ ಮತ್ತೆ ಬಿಗಿಗೊಳಿಸಿತು. ಹದಿನಾಲ್ಕು ವರ್ಷಗಳಲ್ಲಿ ಇಷ್ಟು ಬಾರಿ ನೀತಿ ಬದಲಾಯಿತೆಂದ ಮೇಲೆ, ಬಲ್ಲವರಲ್ಲಿಯೇ ಇನ್ನೂ ಒಮ್ಮತವಿಲ್ಲವೆಂದು ತಿಳಿಯಬೇಕು.

ಕಳೆಯುವುದೂ ಕೂಡಿಸುವುದೂ ಯಾವಾಗಲೂ ಸ್ಪಷ್ಟವಾಗಿ ಬೇರ್ಪಡುವುದಿಲ್ಲವೆಂಬ ಆಕ್ಷೇಪಣೆಗೂ ಇಲ್ಲಿ ಉತ್ತರ ಕೊಡಬೇಕು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ರಾನ್ ಜ್ಯಾಕ್ಸನ್ ಮತ್ತು ಇಯಾನ್ ರ‍್ಯಾಮ್‌ಶಾ ಅವರ ತಂಡವು, ಬೆಳೆಗಳನ್ನು ಹಾಳುಗೆಡಹುವ ಇಲಿಗಳಿಗೆ ಬಂಜೆತನ ತರುವ ಉಪಾಯವನ್ನು ಹುಡುಕುತ್ತ ಇಲಿಸಿಡುಬಿನ ವೈರಾಣುವನ್ನು ತಿದ್ದಿದಾಗ, ಯಾರೂ ಬಯಸದೆಯೇ ಅದು ಲಸಿಕೆ ಪಡೆದ ಇಲಿಗಳನ್ನೂ ಕೊಲ್ಲುವಷ್ಟು ಘೋರವಾಯಿತು. 2001ರಲ್ಲಿ ಅವರು ಅದನ್ನು ಲೋಕಕ್ಕೆ ಎಚ್ಚರಿಕೆಯೆಂದು ಪ್ರಕಟಿಸಿದರು. ಆದಕಾರಣ ಉದ್ದೇಶವು ಶುಭವಾಗಿದ್ದ ಮಾತ್ರಕ್ಕೆ ಪರಿಶೀಲನೆ ಬೇಡವೆನ್ನುವಂತಿಲ್ಲ. ಪ್ರಯೋಗದ ಮಧ್ಯದಲ್ಲಿ ಅನಿರೀಕ್ಷಿತವಾದ ಬಲವು ಕಾಣಿಸಿಕೊಂಡರೆ ಅಲ್ಲಿಯೇ ನಿಲ್ಲಿಸಿ, ಹೊರಗಿನವರಿಗೆ ತಿಳಿಸಿ, ಮುಂದಿನ ಹೆಜ್ಜೆಗೆ ಮತ್ತೆ ಅನುಮತಿ ಪಡೆಯುವ ನಿಯಮವಿರಬೇಕು. ಗಡಿಯು ಮಸುಕಾಗಿರುವುದು ಗಡಿಯೇ ಬೇಡವೆಂಬುದಕ್ಕೆ ಕಾರಣವಾಗಲಾರದು.

ಬಾಗಿಲಿನಾಚೆ ಇದ್ದವರು

ಜೈವಿಕ ಭದ್ರತೆಯ ಮಾತು ಬಂದೊಡನೆ ಭಯೋತ್ಪಾದಕರ ಚಿತ್ರವು ಕಣ್ಣಮುಂದೆ ನಿಲ್ಲುವುದು ಸಹಜ. ಆ ಭಯವನ್ನು ಕಡೆಗಣಿಸತಕ್ಕದ್ದಲ್ಲ. ಆದರೆ ಇದುವರೆಗಿನ ಚರಿತ್ರೆಯಲ್ಲಿ ಪ್ರಯೋಗಾಲಯದ ವೈರಾಣುಗಳು ಹೊರಗೆ ಬಂದದ್ದು ಬಹುಮಟ್ಟಿಗೆ ಸಜ್ಜನರ ಕೈತಪ್ಪಿನಿಂದ, ಹಳೆಯ ಕಟ್ಟಡಗಳ ಬಿರುಕಿನಿಂದ, ಅವಸರದಿಂದ. ಮಂಗನ ಕಾಯಿಲೆಯ ವೈರಾಣುವನ್ನು ಅಭ್ಯಸಿಸಿದ ಆರಂಭದ ವರ್ಷಗಳಲ್ಲಿ ಪ್ರಯೋಗಾಲಯದ ಸಿಬ್ಬಂದಿಗೇ ಅನೇಕ ಸಲ ಸೋಂಕು ತಗುಲಿತು. ಸಿಡುಬಿಗೆ ಸಹಜವಾಗಿ ತುತ್ತಾದ ಕಡೆಯ ಮನುಷ್ಯ 1977ರಲ್ಲಿ ಸೊಮಾಲಿಯದಲ್ಲಿ ಗುಣಮುಖನಾದ ಮೇಲೆ, ಮರುವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವೈದ್ಯಕೀಯ ಶಾಲೆಯಲ್ಲಿ ಛಾಯಾಗ್ರಾಹಕಿಯಾಗಿದ್ದ ಜಾನೆಟ್ ಪಾರ್ಕರ್ ಎಂಬಾಕೆ ಅದೇ ಸಿಡುಬಿನಿಂದ ಸತ್ತಳು. ಸಿಡುಬಿನ ಪ್ರಯೋಗಾಲಯವು ಆಕೆಯ ಕೋಣೆಯ ಕೆಳಗಿನ ಅಂತಸ್ತಿನಲ್ಲಿತ್ತು. ಆ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಹೆನ್ರಿ ಬೆಡ್ಸನ್ ಅವರು ದುಃಖವನ್ನು ತಾಳಲಾರದೆ ತಮ್ಮ ಪ್ರಾಣವನ್ನೇ ಕಳೆದುಕೊಂಡರು. 2004ರಲ್ಲಿ ಬೀಜಿಂಗಿನ ಪ್ರಯೋಗಾಲಯವೊಂದರಲ್ಲಿ ಸಾರ್ಸ್ ವೈರಾಣುವನ್ನು ಸರಿಯಾಗಿ ನಿಷ್ಕ್ರಿಯಗೊಳಿಸದ ಕಾರಣ ಅಲ್ಲಿನ ಸಂಶೋಧಕಿಗೆ ಸೋಂಕು ತಗುಲಿ, ಆಕೆಯನ್ನು ಉಪಚರಿಸಿದ ತಾಯಿ ಸತ್ತಳು. ಅಮೆರಿಕದಲ್ಲಿ 2014ರ ಬೇಸಗೆಯಲ್ಲಿ, ಬೆಥೆಸ್ಡಾದ ಸರ್ಕಾರಿ ಕಟ್ಟಡವೊಂದರ ಶೀತಕೋಣೆಯಲ್ಲಿ, 1950ರ ದಶಕದಲ್ಲಿ ಇಟ್ಟು ಮರೆತಿದ್ದ ಸಿಡುಬಿನ ಸೀಸೆಗಳು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಸಿಕ್ಕವು.

ಈ ಘಟನೆಗಳಲ್ಲಿ ವಂಶವಾಹಿಯನ್ನು ತಿದ್ದಿದ ವೈರಾಣು ಒಂದೂ ಇಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ತಿದ್ದದ ವೈರಾಣುವನ್ನು ಕಾಯುವಲ್ಲಿ ತಪ್ಪಿದ ಕೈಗಳೇ ತಿದ್ದಿದ ವೈರಾಣುವನ್ನೂ ಕಾಯಬೇಕಾಗಿದೆ. ಫೋಟೋ ತೆಗೆಯುತ್ತಿದ್ದ ಜಾನೆಟ್ ಪಾರ್ಕರ್ ಆಗಲಿ, ಮಗಳ ಹಾಸಿಗೆಯ ಬಳಿ ಕುಳಿತ ಬೀಜಿಂಗಿನ ತಾಯಿಯಾಗಲಿ ಯಾವ ಪ್ರಯೋಗಕ್ಕೂ ಒಪ್ಪಿಗೆ ಕೊಟ್ಟವರಲ್ಲ. ಅವರನ್ನು ಯಾರೂ ಕೇಳಿರಲೂ ಇಲ್ಲ. ಔಷಧವೊಂದನ್ನು ಒಬ್ಬ ರೋಗಿಯ ಮೇಲೆ ಪರೀಕ್ಷಿಸಬೇಕಾದರೆ ಅವನ ಲಿಖಿತ ಸಮ್ಮತಿ ಬೇಕೆನ್ನುವ ನಾವು, ಊರಿಗೇ ಊರು ಅಪಾಯಕ್ಕೆ ಗುರಿಯಾಗಬಹುದಾದ ಪ್ರಯೋಗಕ್ಕೆ ಊರಿನವರ ಸಮ್ಮತಿಯ ಪ್ರಶ್ನೆಯನ್ನೇ ಎತ್ತದಿರುವುದು ಯಾವ ಧರ್ಮ? ಕೊರೋನಾ ವೈರಾಣುವಿನ ಮೂಲವು ಇಂದಿಗೂ ನಿರ್ಣಯವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ನೇಮಿಸಿದ ತಜ್ಞರ ಮಂಡಲಿಯು 2025ರಲ್ಲಿ, ದೊರೆತಿರುವ ಪುರಾವೆಗಳ ಭಾರವು ಪ್ರಾಣಿಮೂಲದ ಕಡೆಗಿದ್ದರೂ, ಬೇಕಾದ ದಾಖಲೆಗಳನ್ನು ಚೀನಾ ಒದಗಿಸದಿರುವುದರಿಂದ ಬೇರೆ ಸಾಧ್ಯತೆಗಳನ್ನು ತಳ್ಳಿಹಾಕಲಾಗದೆಂದಿತು. ಸತ್ಯ ಯಾವುದೇ ಆಗಿರಲಿ, ದಾಖಲೆಗಳನ್ನು ಮುಚ್ಚಿಟ್ಟುದರಿಂದ ವೈರಾಣು ಸಂಶೋಧನೆಯ ಮೇಲಿನ ಲೋಕದ ವಿಶ್ವಾಸಕ್ಕೆ ತಗುಲಿದ ಪೆಟ್ಟು ಇನ್ನೂ ಮಾಯ್ದಿಲ್ಲ.

ಕಾನೂನಿನ ಕೈಗೆ ಎಟುಕಿದಷ್ಟು

ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು 1972ರಲ್ಲಿ ಸಹಿಗೆ ತೆರೆದು, 1975ರಿಂದ ಜಾರಿಯಲ್ಲಿದೆ. ಭಾರತವೂ ಅದಕ್ಕೆ ಬದ್ಧವಾಗಿದೆ. ಆದರೆ ಒಪ್ಪಂದವನ್ನು ಯಾರು ಪಾಲಿಸುತ್ತಿದ್ದಾರೆ, ಯಾರು ಮುರಿಯುತ್ತಿದ್ದಾರೆ ಎಂದು ಹೋಗಿ ನೋಡುವ ಅಧಿಕಾರವುಳ್ಳ ತಪಾಸಣಾ ವ್ಯವಸ್ಥೆ ಅದಕ್ಕಿಲ್ಲ. ಅಂತಹದೊಂದನ್ನು ಕಟ್ಟುವ ಮಾತುಕತೆಯು 2001ರಲ್ಲಿ ಮುರಿದುಬಿದ್ದ ಮೇಲೆ ಇನ್ನೂ ಕೂಡಿಬಂದಿಲ್ಲ. ಇತ್ತ, 2002ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದ ಎಕಾರ್ಡ್ ವಿಮ್ಮರ್ ಅವರ ತಂಡವು ಲಿಪಿಯೊಂದರಿಂದಲೇ ಪೋಲಿಯೋ ವೈರಾಣುವನ್ನು ಕಟ್ಟಿ ತೋರಿಸಿದಂದಿನಿಂದ, ಅಪಾಯಕಾರಿ ವೈರಾಣುವನ್ನು ಬೀಗಮುದ್ರೆಯ ಶೀತಪೆಟ್ಟಿಗೆಯಲ್ಲಿಟ್ಟರೆ ಸಾಕೆಂಬ ನಂಬಿಕೆಯೂ ಸಡಿಲವಾಯಿತು. ಡಿಎನ್‌ಎ ತುಣುಕುಗಳನ್ನು ತಯಾರಿಸಿ ಮಾರುವ ದೊಡ್ಡ ಸಂಸ್ಥೆಗಳಲ್ಲಿ ಅನೇಕವು, ಗಿರಾಕಿ ಯಾರು, ಕೇಳಿದ ತುಣುಕು ಯಾವ ರೋಗಾಣುವಿನದು ಎಂದು ಸ್ವಯಂಪ್ರೇರಣೆಯಿಂದ ಪರಿಶೀಲಿಸುತ್ತವೆ. ಈ ಸ್ವಯಂಪ್ರೇರಣೆಯನ್ನು ಕಾನೂನಿನ ಕಡ್ಡಾಯವಾಗಿಸದಿದ್ದರೆ, ಪರಿಶೀಲಿಸದೆ ಅಗ್ಗವಾಗಿ ಮಾರುವವನಿಗೇ ವ್ಯಾಪಾರವು ಸಲ್ಲುತ್ತದೆ.

ನಮ್ಮ ದೇಶದಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ 1989ರ ಡಿಸೆಂಬರಿನಲ್ಲಿ ರಚಿತವಾದ ನಿಯಮಗಳು ಇವೆ. ಅವುಗಳ ಪ್ರಕಾರ ವಂಶವಾಹಿಗಳನ್ನು ತಿದ್ದುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಜೈವಿಕ ಸುರಕ್ಷತಾ ಸಮಿತಿಯೊಂದಿರಬೇಕು, ಅದರಲ್ಲಿ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರತಿನಿಧಿಯಿರಬೇಕು, ಹೆಚ್ಚಿನ ಅಪಾಯವುಳ್ಳ ಕೆಲಸಗಳು ದೆಹಲಿಯ ಪುನರಾವಲೋಕನ ಸಮಿತಿಯ ಮುಂದೆ ಬರಬೇಕು. ಪುಣೆಯ ಹಳೆಯ ಕೇಂದ್ರವೇ ಇಂದು ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿ ಬೆಳೆದು, ಅತ್ಯುಚ್ಚ ಮಟ್ಟದ ಪ್ರಯೋಗಾಲಯವನ್ನು ಹೊಂದಿದೆ. ಅಲ್ಲಿ ಕೆಲಸ ಮಾಡುವವರು ಹೊರಗಿನಿಂದ ಗಾಳಿ ತುಂಬುವ ಇಡೀ ಮೈಯ ಉಡುಪನ್ನು ಧರಿಸಿ, ಒಳಗಾಳಿ ಹೊರಗೆ ನುಗ್ಗದಂತೆ ಒತ್ತಡವನ್ನು ಇಳಿಸಿದ ಕೋಣೆಗಳಲ್ಲಿ ದುಡಿದು, ಹೊರಬರುವಾಗ ಉಡುಪಿನ ಸಮೇತ ರಾಸಾಯನಿಕದ ಸ್ನಾನಕ್ಕೆ ನಿಲ್ಲುತ್ತಾರೆ. 2018ರಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗ ಈ ಸಂಸ್ಥೆಯು ರೋಗವನ್ನು ದೃಢಪಡಿಸಲು ನೆರವಾದದ್ದು ನಮಗೆಲ್ಲ ಹೆಮ್ಮೆಯ ವಿಷಯ.

ಆದರೆ 1989ರ ನಿಯಮಗಳು ರೂಪುಗೊಂಡ ಕಾಲಕ್ಕೆ, ವಂಶಲಿಪಿಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದೆಂಬುದನ್ನು ಕಲ್ಪಿಸಿಕೊಂಡವರೇ ವಿರಳ. ಸಂಸ್ಥೆಯ ಸಮಿತಿಯಲ್ಲಿ ಸಂಸ್ಥೆಯವರೇ ಬಹುಸಂಖ್ಯಾತರಾಗಿರುವಾಗ, ತಮ್ಮ ಸಹೋದ್ಯೋಗಿಯ ಪ್ರಯೋಗವನ್ನು ತಡೆಯುವ ಧೈರ್ಯವನ್ನು ಅವರಿಂದ ಸದಾ ನಿರೀಕ್ಷಿಸುವುದು ಮನುಷ್ಯಸ್ವಭಾವಕ್ಕೆ ಹೆಚ್ಚಿನ ಭಾರವಾದೀತು. ವೈರಾಣುವಿನ ಹರಡುವ ಶಕ್ತಿಯನ್ನೋ ಕೊಲ್ಲುವ ಶಕ್ತಿಯನ್ನೋ ಹೆಚ್ಚಿಸಬಹುದಾದ ಪ್ರಯೋಗಗಳನ್ನು ಮಾತ್ರ ಪ್ರತ್ಯೇಕಿಸಿ, ಆ ಸಂಸ್ಥೆಗೆ ಸಂಬಂಧವಿಲ್ಲದ ತಜ್ಞರೂ, ಸಾರ್ವಜನಿಕ ಆರೋಗ್ಯದಲ್ಲಿ ನುರಿತವರೂ, ಪ್ರಯೋಗಾಲಯವಿರುವ ಊರಿನ ಪ್ರತಿನಿಧಿಗಳೂ ಕುಳಿತು, ಕೆಲಸ ಆರಂಭವಾಗುವ ಮುನ್ನವೇ ಅದರ ಲಾಭವನ್ನೂ ಅದೇ ಲಾಭಕ್ಕೆ ಇರಬಹುದಾದ ನಿರಪಾಯ ಮಾರ್ಗವನ್ನೂ ವಿಚಾರಿಸುವ ವ್ಯವಸ್ಥೆ ಬೇಕು. ಸೋಂಕು ತಗುಲಿದ ನೌಕರನು ಕೆಲಸ ಹೋದೀತೆಂದು ಹೆದರಿ ಮುಚ್ಚಿಡದಂತೆ, ಸಣ್ಣ ಅಪಘಾತವನ್ನೂ ಶಿಕ್ಷೆಯ ಭಯವಿಲ್ಲದೆ ದಾಖಲಿಸುವ, ಆ ದಾಖಲೆಯ ಸಾರವನ್ನು ವರ್ಷಕ್ಕೊಮ್ಮೆ ಜನರ ಮುಂದಿಡುವ ಪದ್ಧತಿ ಬೇಕು. ಹಾಗೆಯೇ, ಲಸಿಕೆಗಾಗಿ ವೈರಾಣುವನ್ನು ದುರ್ಬಲಗೊಳಿಸುವ ಬಹುಸಂಖ್ಯಾತ ಪ್ರಯೋಗಗಳು ಇದೇ ಕಡತಗಳ ಅಡಿಯಲ್ಲಿ ಸಿಕ್ಕಿ ವರ್ಷಗಟ್ಟಲೆ ನರಳದಂತೆ ಅವುಗಳಿಗೆ ಸುಗಮವಾದ ದಾರಿಯನ್ನೂ ಮಾಡಿಕೊಡಬೇಕು. ಏಕೆಂದರೆ ತಡವಾದ ಲಸಿಕೆಯೂ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತದೆ, ಆ ಸಾವುಗಳನ್ನು ಯಾವ ವಿಚಾರಣಾ ಆಯೋಗವೂ ಎಣಿಸುವುದಿಲ್ಲ.

ಈ ಹೊಣೆಯನ್ನೆಲ್ಲ ವಿಜ್ಞಾನಿಗಳ ಹೆಗಲಿಗೇ ಹೊರಿಸಿ ಉಳಿದವರು ಕೈಕಟ್ಟಿ ಕುಳಿತುಕೊಳ್ಳುವುದು ನ್ಯಾಯವಲ್ಲ. ಅಣೆಕಟ್ಟನ್ನು ಎಲ್ಲಿ ಕಟ್ಟಬೇಕು, ಅಣುಸ್ಥಾವರವನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಗಳನ್ನು ನಮ್ಮ ಜನ ಬೀದಿಗಿಳಿದು ಕೇಳಿದ್ದಾರೆ. ಶಾಸನಸಭೆಗಳು ಅವುಗಳಿಗೆ ಉತ್ತರ ಹೇಳಬೇಕಾಗಿ ಬಂದಿದೆ. ವೈರಾಣುವಿನ ಪ್ರಶ್ನೆಯನ್ನು ಕೇಳುವುದಕ್ಕೆ ಬೇಕಾದ ತಿಳಿವಳಿಕೆಯನ್ನು ಕನ್ನಡದಲ್ಲಿ ಕನ್ನಡಿಗರಿಗೆ ಒದಗಿಸುವುದು ವಿಶ್ವವಿದ್ಯಾನಿಲಯಗಳ, ಪತ್ರಿಕೆಗಳ, ವೈದ್ಯರ ಕರ್ತವ್ಯ. ಆ ತಿಳಿವಳಿಕೆಯನ್ನು ಪಡೆದು, ಭಯದಿಂದಲ್ಲದೆ ವಿವೇಕದಿಂದ, ಈ ಪ್ರಯೋಗದಿಂದ ವೈರಾಣುವಿನ ಬಲ ಕಳೆಯುವುದೋ ಕೂಡುವುದೋ, ಕೂಡುವುದಾದರೆ ಅದು ಅನಿವಾರ್ಯವೋ, ತಪ್ಪಿದರೆ ಅದರ ಬೆಲೆ ತೆರುವವರು ಯಾರು ಎಂದು ಕೇಳುವುದು ಪ್ರಜೆಗಳ ಹಕ್ಕು. ಅಸಿಲೋಮರ್‌ಗೆ ಮುನ್ನ ಪೊಲಾಕ್ ಅವರು ಸಹವಿಜ್ಞಾನಿಯನ್ನು ಕೇಳಿದ ಪ್ರಶ್ನೆಯು ಇಷ್ಟೇ ಸರಳವಾಗಿತ್ತು. ಅದನ್ನು ಕೇಳಿದ್ದರಿಂದ ವಿಜ್ಞಾನವು ನಿಲ್ಲಲಿಲ್ಲ. ಯೀಸ್ಟಿನಿಂದ ಲಸಿಕೆ ತೆಗೆಯುವ, ಪೋಲಿಯೋ ಹನಿಯನ್ನು ಮತ್ತಷ್ಟು ಸಾಧುವಾಗಿಸುವ ಕೆಲಸಗಳೆಲ್ಲ ಅದಾದ ಮೇಲೆಯೇ ನಡೆದವು. ಉತ್ತರ ಹೇಳುವ ಅಭ್ಯಾಸವಿರುವ ವಿಜ್ಞಾನವನ್ನು ಜನರು ನಂಬುತ್ತಾರೆ. ಮುಂದಿನ ಮಹಾಮಾರಿ ಬಂದ ದಿನ, ಲಸಿಕೆ ಎಷ್ಟೇ ಉತ್ತಮವಾಗಿರಲಿ, ಆ ನಂಬಿಕೆಯಿಲ್ಲದೆ ಯಾರೂ ಅದಕ್ಕೆ ತೋಳು ಒಡ್ಡುವುದಿಲ್ಲ.